ಆರ್‌ವಿಯಲ್ಲಿ ಬೇಸಿಗೆ ರಜೆ: ಬ್ಲ್ಯಾಕ್ ಹಿಲ್ಸ್‌ನಿಂದ ಯೆಲ್ಲೋಸ್ಟೋನ್‌ವರೆಗೆ, ಅತ್ತೆ ಮಾವ ಮಕ್ಕಳ ಜೊತೆ

ಊರಿಂದ ಅಪ್ಪ ಅಮ್ಮ ಬರ್ತಿದ್ದಾರೆ, ಮಕ್ಕಳಿಗೂ ರಜೆ, ಆರ್‌ವಿ (ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲ ಒಳಗೇ ಇರೋ ಗಾಡಿ) ಬಾಡಿಗೆಗೆ ತಗೊಂಡು ಅಮೆರಿಕದ ಪಾರ್ಕ್‌ಗಳನ್ನ ಸುತ್ತಬಹುದಾ ಅಂತ ನಮ್ಮ ಗುಂಪಿನಲ್ಲಿ ನೀವು ಕೇಳಿದ್ರಲ್ಲ, ಅದಕ್ಕೆ ಬಂದ ಉತ್ತರಗಳನ್ನೆಲ್ಲ ಓದಿದೆ. ಅರ್ಧ ಜನ "ವಯಸ್ಸಾದವರನ್ನ ಯಾಕೆ ಅಲೆದಾಡಿಸ್ತೀರಿ" ಅಂದಿದ್ದಾರೆ. ಉಳಿದವರು "ಅಷ್ಟು ದುಡ್ಡಿಗೆ ಎಲ್ಲರೂ ಬೆಂಗಳೂರಿಗೆ ಹೋಗಿ ಬರಬಹುದು, ಮಕ್ಕಳಿಗೆ ಕನ್ನಡವಾದರೂ ಬರುತ್ತೆ" ಅಂದಿದ್ದಾರೆ. ನಾನು ಎರಡನ್ನೂ ಒಪ್ಪಲ್ಲ. ನಾವು ಮಿನಿಯಾಪೊಲಿಸ್‌ನಿಂದ ಐ-90 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ, ಸೌತ್ ಡಕೋಟಾದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳ ಮೂಲಕ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ವರೆಗೆ ಹೋಗಿ ಬಂದೆವು. ಅತ್ತೆ, ಮಾವ, ನಾವಿಬ್ಬರು, ಮಿಡ್ಲ್ ಸ್ಕೂಲ್ ಮಗಳು, ನಾಲ್ಕನೇ ಕ್ಲಾಸ್ ಮುಗಿಸಿದ ಮಗ. ಅದರ ಆಧಾರದ ಮೇಲೆ ಬರೀತಿದ್ದೀನಿ.

ಮೊದಲು ಕನ್ನಡದ ವಿಷಯ. ಊರಿಗೆ ಹೋದರೆ ಮಕ್ಕಳಿಗೆ ಕನ್ನಡ ಬರುತ್ತೆ ಅನ್ನೋದು ನಮ್ಮ ಕಾಲದ ಲೆಕ್ಕ. ಈಗ ಬೆಂಗಳೂರಲ್ಲಿ ಇವರ ವಯಸ್ಸಿನ ಅಣ್ಣ ತಮ್ಮ ಅಕ್ಕ ತಂಗಿಯರು ಇವರನ್ನ ಕಂಡ ಕೂಡಲೇ ಇಂಗ್ಲಿಷ್ ಶುರು ಮಾಡ್ತಾರೆ. ಪಾಪ, ಮರ್ಯಾದೆಗೆ. ಮಾಲ್, ಐಸ್‌ಕ್ರೀಮ್, ಮೊಬೈಲ್ ಗೇಮ್, ರಜೆ ಮುಗೀತು. ಆರ್‌ವಿಯಲ್ಲಿ ಹಾಗಲ್ಲ. ಯೆಲ್ಲೋಸ್ಟೋನ್ ಒಳಗೆ ಬಹುತೇಕ ಕಡೆ ಸಿಗ್ನಲ್ ಇಲ್ಲ. ಅಜ್ಜಿ ಜೊತೆ ಒಂದೇ ಟೇಬಲ್ಲು, ಒಂದೇ ಬಚ್ಚಲು. ಜಗಳ ಆಡಬೇಕಾದರೂ ಕನ್ನಡದಲ್ಲೇ ಆಡಬೇಕು, ಇಲ್ಲದಿದ್ದರೆ ಅಜ್ಜಿ ಪಂಚಾಯ್ತಿಗೆ ಬರೋದು ಹೇಗೆ?

ವಯಸ್ಸಾದವರ ಬಗ್ಗೆ ಹೇಳಬೇಕೆಂದರೆ, ಆರ್‌ವಿ ತಗೊಳ್ಳೋಕೆ ಅವರೇ ಕಾರಣವಾಗಬೇಕು. ನಮ್ಮ ಮಾವನಿಗೆ ಸಕ್ಕರೆ ಕಾಯಿಲೆ. ಸೌತ್ ಡಕೋಟಾದಲ್ಲಿ ಎಕ್ಸಿಟ್‌ನಿಂದ ಎಕ್ಸಿಟ್‌ಗೆ ಎಷ್ಟೋ ಮೈಲಿ ಏನೂ ಇರಲ್ಲ. ರೋಡ್ ಪಕ್ಕ ಗಾಡಿ ನಿಲ್ಲಿಸಿದರೆ ಬಚ್ಚಲು ಕೈಗೆಟಕುವಷ್ಟು ಹತ್ತಿರ. ಹೊತ್ತಿಗೆ ಸರಿಯಾಗಿ ಊಟ, ಇನ್ಸುಲಿನ್‌ಗೆ ಫ್ರಿಜ್, ಮಧ್ಯಾಹ್ನ ಅಲ್ಲೇ ಒಂದು ನಿದ್ದೆ. ದಿನಕ್ಕೊಂದು ಹೋಟೆಲ್‌ಗೆ ಪೆಟ್ಟಿಗೆ ಇಳಿಸಿ ಏರಿಸೋ ಕಷ್ಟಕ್ಕೆ ಇದನ್ನ ಹೋಲಿಸಲೇಬೇಡಿ. ಆದರೆ ಬಾಡಿಗೆ ಜಾಹೀರಾತಲ್ಲಿ "ಏಳು ಜನ ಮಲಗಬಹುದು" ಅಂತ ಇರುತ್ತಲ್ಲ, ಅದನ್ನ ನಂಬಬೇಡಿ. ಡ್ರೈವರ್ ತಲೆ ಮೇಲಿನ ಅಟ್ಟಕ್ಕೆ ಏಣಿ ಹತ್ತಬೇಕು, ಅದು ಮಕ್ಕಳಿಗೇ ಸರಿ. ಹಿಂದಿನ ಹಾಸಿಗೆ ಅತ್ತೆ ಮಾವನಿಗೆ. ಊಟದ ಟೇಬಲ್ ಮಡಿಸಿದರೆ ಆಗೋ ಹಾಸಿಗೆ ನಿಮಗೆ, ಬೆನ್ನು ನೋವು ಉಚಿತ. ಹಾಸಿಗೆ ಎಷ್ಟು ಅಂತ ಕೇಳೋ ಮೊದಲು ಸೀಟ್ ಬೆಲ್ಟ್ ಎಷ್ಟು ಅಂತ ಕೇಳಿ. ಕಾರ್ ಸೀಟ್ ಬೇಕಾಗೋ ವಯಸ್ಸಿನ ಮಗು ಇದ್ದರೆ, ಅದನ್ನ ಸರಿಯಾಗಿ ಕಟ್ಟೋಕೆ ಮುಂದಕ್ಕೆ ಮುಖ ಮಾಡಿರೋ ಸೀಟ್ ಇದೆಯಾ ನೋಡಿ. ಗಾಡಿ ಓಡುವಾಗ ಒಳಗೆ ಎದ್ದು ಕಾಫಿ ಬೆರೆಸೋದು ಸಿನಿಮಾದಲ್ಲಿ ಮಾತ್ರ.

ಖರ್ಚು ಕಡಿಮೆ ಅಂತ ಸುಳ್ಳು ಹೇಳಲ್ಲ. ರಾತ್ರಿ ಬಾಡಿಗೆ ಒಂದೇ ನೋಡಿದರೆ ಮೋಸ ಹೋಗ್ತೀರಿ. ಮೈಲಿಗೆ ಇಷ್ಟು, ಜನರೇಟರ್ ಗಂಟೆಗೆ ಇಷ್ಟು, ಇನ್ಶೂರೆನ್ಸ್ ಬೇರೆ, ಪಾತ್ರೆ ಹಾಸಿಗೆ ಬೇಕಂದ್ರೆ ಅದಕ್ಕೆ ಬೇರೆ. ಇಂಥ ಗಾಡಿ ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಟ್ಟರೆ ಹೆಚ್ಚು. ಇಲ್ಲಿಂದ ಯೆಲ್ಲೋಸ್ಟೋನ್‌ಗೆ ಹೋಗಿ, ಸುತ್ತಾಡಿ, ವಾಪಸ್ ಬರೋಕೆ 2,500 ಮೈಲಿ ಇಟ್ಟುಕೊಂಡರೂ ಹತ್ತಿರ ಹತ್ತಿರ 280 ಗ್ಯಾಲನ್ ಪೆಟ್ರೋಲ್. ಆದರೂ ಆರು ಜನರ ವಿಮಾನದ ಟಿಕೆಟ್ ಪಕ್ಕ ಇಟ್ಟು ನೋಡಿ, ಆಮೇಲೆ ಮಾತಾಡೋಣ.

ನ್ಯಾಷನಲ್ ಪಾರ್ಕ್‌ಗಳ ಒಳಗೆ ಹೋಗೋ ಪಾಸ್ ವಿಷಯ. 2026ರ ಜನವರಿಯಿಂದ ಇಲ್ಲಿ ವಾಸ ಮಾಡೋರಿಗೆ ವರ್ಷದ ಪಾಸ್ 80 ಡಾಲರ್, ಹೊರದೇಶದಿಂದ ಬಂದವರಿಗೆ 250. ಗುರುತಿನ ಚೀಟಿ ಕೇಳ್ತಾರೆ, ಲೈಸೆನ್ಸ್ ಜೊತೆಗಿರಲಿ. ಮಗ ಅಥವಾ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದರೆ "ಎವ್ರಿ ಕಿಡ್ ಔಟ್‌ಡೋರ್ಸ್" ಅನ್ನೋ ಉಚಿತ ಪಾಸ್ ಸಿಗುತ್ತೆ, ಆಗಸ್ಟ್ ಕೊನೆಯವರೆಗೆ ನಡೆಯುತ್ತೆ. ನಾವು ಅದನ್ನ ಕಾಗದದ ಮೇಲೆ ಪ್ರಿಂಟ್ ತಗೊಂಡು ಹೋಗಿದ್ದೆವು. ಗೇಟಿನಲ್ಲಿ ನನ್ನ ಮಗ ಅದನ್ನ ಎರಡೂ ಕೈಯಲ್ಲಿ ಹಿಡಿದು ಕೊಟ್ಟ ಗತ್ತು ನೋಡಬೇಕಿತ್ತು. ಬ್ಲ್ಯಾಕ್ ಹಿಲ್ಸ್‌ನ ಮೌಂಟ್ ರಷ್‌ಮೋರ್‌ನಲ್ಲಿ ಮಾತ್ರ ಯಾವ ಪಾಸೂ ನಡೆಯಲ್ಲ. ಅಲ್ಲಿ ಪ್ರವೇಶ ಶುಲ್ಕವಿಲ್ಲ, ಪಾರ್ಕಿಂಗ್‌ಗೆ ದುಡ್ಡು.

ರಷ್‌ಮೋರ್ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ನಮ್ಮವರಲ್ಲಿ ಬಹಳ ಜನ ಹೋಗ್ತಾರೆ, ಬೆಟ್ಟದಲ್ಲಿ ಕೆತ್ತಿರೋ ನಾಲ್ಕು ಅಮೆರಿಕ ಅಧ್ಯಕ್ಷರ ಮುಖದ ಮುಂದೆ ನಾಲ್ಕು ಫೋಟೋ ತಗೊಂಡು ಬರ್ತಾರೆ. ಶಿಲ್ಪಿ ಗುಟ್ಸನ್ ಬೋರ್ಗ್ಲಮ್ 1927ರಲ್ಲಿ ಶುರು ಮಾಡಿ, 1941ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಕೆಲಸ ಮುಗಿಸಿದ್ದು, ಒಂದೊಂದು ಮುಖ 60 ಅಡಿ, ಇದನ್ನೆಲ್ಲ ಅಲ್ಲಿನ ಬೋರ್ಡೇ ಹೇಳುತ್ತೆ. ಮಕ್ಕಳಿಗೆ ನೀವು ಹೇಳಬೇಕಾಗಿರೋದು ಬೇರೆ. ಆ ಬೆಟ್ಟ ಲಕೋಟಾ ಅನ್ನೋ ಮೂಲನಿವಾಸಿ ಜನರಿಗೆ ಪವಿತ್ರ. 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಬ್ಲ್ಯಾಕ್ ಹಿಲ್ಸ್ ಅವರದ್ದೇ ಅಂತ ಸರ್ಕಾರ ಬರೆದುಕೊಟ್ಟಿತ್ತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, 1877ರಲ್ಲಿ ಬೆಟ್ಟ ಕೈತಪ್ಪಿತು. ನೂರು ವರ್ಷ ಕಳೆದ ಮೇಲೆ, 1980ರಲ್ಲಿ, ಇದಕ್ಕೆ ಪರಿಹಾರ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ದುಡ್ಡು ಬಡ್ಡಿ ಸೇರಿ ಬೆಳೀತಾನೇ ಇದೆ, ಅವರು ಇವತ್ತಿಗೂ ಮುಟ್ಟಿಲ್ಲ. ನೆಲ ಬೇಕು, ಹಣ ಬೇಡ ಅಂತಾರೆ. ಇದನ್ನ ಕೇಳಿ ನಮ್ಮ ಮಾವ, ಹಳ್ಳಿಯಲ್ಲಿ ಜಮೀನಿನ ಕೇಸು ನಡೆಸಿ ಸುಸ್ತಾದವರು, "ಇವರು ಗಟ್ಟಿ ಜನ" ಅಂದ್ರು. ಅಲ್ಲಿಂದ ಅರ್ಧ ಗಂಟೆ ದೂರದಲ್ಲಿ 1948ರಿಂದ ಕೆತ್ತುತ್ತಾ ಇರೋ, ಲಕೋಟಾ ನಾಯಕ ಕ್ರೇಜಿ ಹಾರ್ಸ್‌ನ ಸ್ಮಾರಕ ಇದೆ. ಮುಖ ಮಾತ್ರ ಮುಗಿದಿದೆ, 1998ರಲ್ಲಿ. ಎರಡನ್ನೂ ಒಂದೇ ದಿನ ತೋರಿಸಿ.

ಅಲ್ಲಿ ನೀಡಲ್ಸ್ ಹೈವೇ ಚೆನ್ನಾಗಿದೆ ಅಂತ ಯಾರಾದರೂ ಹೇಳಿದರೆ ಆರ್‌ವಿಯನ್ನ ಅತ್ತ ತಿರುಗಿಸಬೇಡಿ. ಅದರ ಒಂದು ಸುರಂಗದ ಅಗಲ 8 ಅಡಿ, ಎತ್ತರ 10 ಅಡಿಯೂ ಇಲ್ಲ. ನಿಮ್ಮ ಗಾಡಿಯೇ ಹತ್ತಿರ ಹತ್ತಿರ 12 ಅಡಿ ಎತ್ತರ. ಮುಂದೆ ಗ್ಲೇಶಿಯರ್ ಪಾರ್ಕ್‌ವರೆಗೆ ಹೋಗೋ ಆಸೆ ಇದ್ದರೂ ಅಷ್ಟೇ, ಗೋಯಿಂಗ್-ಟು-ದ-ಸನ್ ರೋಡಿನ ಘಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡಲ್ಲ. ಮೊಬೈಲ್ ಮ್ಯಾಪ್ ಇದನ್ನೆಲ್ಲ ಹೇಳಲ್ಲ, ಅದಕ್ಕೆ ನೀವು ಓಡಿಸ್ತಿರೋದು ಕಾರೇ. ಯೆಲ್ಲೋಸ್ಟೋನ್ ದಾರಿಯಲ್ಲಿ ಸಿಗೋ ಬಿಗ್‌ಹಾರ್ನ್ ಬೆಟ್ಟ ದಾಟೋಕೆ ಯುಎಸ್-16 ರಸ್ತೆ ಹಿಡಿಯಿರಿ. 9,666 ಅಡಿ ಎತ್ತರಕ್ಕೆ ಹತ್ತಿದರೂ ಏರು ನಿಧಾನ. 14ಎ ಅನ್ನೋ ರಸ್ತೆ ಕಡಿದಾದ ಇಳಿಜಾರು, ಬ್ರೇಕ್ ವಾಸನೆ ಕುಡಿಯೋ ಆಸೆ ಇದ್ದವರಿಗೆ.

ಬೆಟ್ಟ ಇಳಿದು ಕೋಡಿ ಊರಿನ ಕಡೆ ಬಂದಾಗ ಎಲ್ಲರೂ ಯೆಲ್ಲೋಸ್ಟೋನ್ ಬಂತು ಅಂತ ಓಡ್ತಾರೆ. ದಯವಿಟ್ಟು ಕೋಡಿ ಮತ್ತು ಪೊವೆಲ್ ಮಧ್ಯೆ ಹಾರ್ಟ್ ಮೌಂಟನ್‌ನಲ್ಲಿ ಅರ್ಧ ದಿನ ನಿಲ್ಲಿ. ಇಡೀ ಪ್ರವಾಸದಲ್ಲಿ ಒಂದೇ ಜಾಗ ಆರಿಸಿಕೋ ಅಂದ್ರೆ ನಾನು ಯೆಲ್ಲೋಸ್ಟೋನ್‌ನ ಗೀಸರ್ (ನೆಲದಿಂದ ಚಿಮ್ಮೋ ಬಿಸಿನೀರಿನ ಬುಗ್ಗೆ) ಬಿಟ್ಟು ಇದನ್ನೇ ಆರಿಸ್ತೀನಿ. ಪರ್ಲ್ ಹಾರ್ಬರ್ ದಾಳಿ ಆದ ಮೇಲೆ, 1942ರಲ್ಲಿ, ಅಮೆರಿಕ ಸರ್ಕಾರ ಪಶ್ಚಿಮ ತೀರದ ಜಪಾನಿ ಮೂಲದವರನ್ನ ಮನೆಯಿಂದ ಎಬ್ಬಿಸಿ ಸಾಗಿಸಿತಲ್ಲ, ಒಟ್ಟು ಸುಮಾರು 1,20,000 ಜನ, ಅವರಲ್ಲಿ 10,000ಕ್ಕೂ ಹೆಚ್ಚು ಮಂದಿಯನ್ನ ತಂದು ಕೂಡಿಹಾಕಿದ ಜಾಗ ಇದು. ಸುತ್ತ ಬಯಲು, ಗಾಳಿ, ಧೂಳು, ಹಿಂದೆ ಆ ಒಂಟಿ ಬೆಟ್ಟ. ಆಸ್ಪತ್ರೆಯ ಇಟ್ಟಿಗೆ ಚಿಮಣಿ ಇನ್ನೂ ನಿಂತಿದೆ.

ಅಲ್ಲಿದ್ದ ಹುಡುಗರಲ್ಲಿ ಒಬ್ಬರು ನಾರ್ಮನ್ ಮಿನೆಟಾ. ಆಗ ಹತ್ತು ವರ್ಷ. ಸ್ಯಾನ್ ಹೋಸೆಯಿಂದ ಹೊರಟಾಗ ಕಬ್ ಸ್ಕೌಟ್ ಯೂನಿಫಾರ್ಮ್ ಹಾಕಿಕೊಂಡು, ಬೇಸ್‌ಬಾಲ್ ಬ್ಯಾಟ್ ಹಿಡಿದುಕೊಂಡು ರೈಲು ಹತ್ತೋಕೆ ಬಂದಿದ್ದರು. ಬ್ಯಾಟು ಆಯುಧ ಆಗಬಹುದು ಅಂತ ಮಿಲಿಟರಿ ಪೊಲೀಸರು ಕಿತ್ತುಕೊಂಡರು. ನನ್ನ ಮಗನಿಗೂ ಹತ್ತು, ಅವನೂ ಸ್ಕೌಟ್. ಆ ಬ್ಯಾಟಿನ ಮಾತು ಕೇಳಿದ್ದೇ ಅವನು ನನ್ನ ಪಕ್ಕ ಬಂದು ನಿಂತ. ಕ್ಯಾಂಪಿಗೆ ಹೊರಗಿಂದ ಸ್ಕೌಟ್ ಹುಡುಗರು ಬಂದಿದ್ದಾಗ ಮಿನೆಟಾಗೆ ಜೊತೆಯಾದದ್ದು ಕೋಡಿಯ ಆಲನ್ ಸಿಂಪ್ಸನ್. ದೊಡ್ಡವರಾದ ಮೇಲೆ ಒಬ್ಬರು ಡೆಮಾಕ್ರಟ್ ಕಾಂಗ್ರೆಸ್ ಸದಸ್ಯ, ಇನ್ನೊಬ್ಬರು ರಿಪಬ್ಲಿಕನ್ ಸೆನೆಟರ್. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಕೊಟ್ಟ ಕಾನೂನಿಗೆ ಇಬ್ಬರೂ ಬೆಂಬಲ ಕೊಟ್ಟರು.

ಮಗಳಿಗೆ ಸಿಟ್ಟು ಬಂದಿದ್ದು ಇನ್ನೊಂದು ಸಂಗತಿಗೆ. ಕೂಡಿಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ಇಲ್ಲೇ ಹುಟ್ಟಿದ ಸಿಟಿಜನ್‌ಗಳು. "ಸಿಟಿಜನ್ ಆಗಿದ್ರೂನಾ?" ಅಂತ ಎರಡು ಸಲ ಕೇಳಿದಳು. ಅವಳು ಇಲ್ಲೇ ಹುಟ್ಟಿದವಳು, ನಾವಿಬ್ಬರು ಇನ್ನೂ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರು. ಹೌದು ಅಂದೆ, ಬೇರೆ ಏನು ಹೇಳೋದು. ಪಾರ್ಕಿಂಗ್‌ನಲ್ಲಿ ಚಿತ್ರಾನ್ನ ತಿನ್ನುವಾಗ ಮಾವ 1975ರ ಎಮರ್ಜೆನ್ಸಿ ಕಥೆ ತೆಗೆದರು. ಅವರ ಹಾಸ್ಟೆಲ್‌ನಿಂದ ಇಬ್ಬರನ್ನ ರಾತ್ರೋರಾತ್ರಿ ಕರ್ಕೊಂಡು ಹೋಗಿದ್ದು, ಪೇಪರಿನಲ್ಲಿ ಒಂದು ಸಾಲೂ ಬರದೇ ಇದ್ದದ್ದು. ಇಷ್ಟು ವರ್ಷದಲ್ಲಿ ನನಗೇ ಗೊತ್ತಿರಲಿಲ್ಲ, ನಮ್ಮ ಯಜಮಾನರಿಗೂ ಪೂರ್ತಿ ಗೊತ್ತಿರಲಿಲ್ಲ. ಮಕ್ಕಳನ್ನ ಯಾವ ದೇಶದವರಾಗಿ ಬೆಳೆಸೋದು ಅಂತ ಇಲ್ಲಿ ವಾರಕ್ಕೊಮ್ಮೆ ಚರ್ಚೆ ಆಗುತ್ತಲ್ಲ, ಆ ಮಧ್ಯಾಹ್ನ ನಮ್ಮ ಮನೇಲಿ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಎರಡೂ ದೇಶದ ಕಥೆ ಒಂದೇ ಟೇಬಲ್ ಮೇಲಿತ್ತು. ಇಂಥ ಜಾಗಕ್ಕೆ ಮಕ್ಕಳನ್ನ ಕರ್ಕೊಂಡು ಹೋದರೆ ಹೆದರ್ತಾರೆ ಅನ್ನೋರಿಗೆ ನನ್ನ ಉತ್ತರ: ಹೆದರಲ್ಲ, ಪ್ರಶ್ನೆ ಕೇಳ್ತಾರೆ. ಹೆದರೋದು ನಾವು.

ಯೆಲ್ಲೋಸ್ಟೋನ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಚುಟುಕಾಗಿ ಹೇಳ್ತೀನಿ. ಒಳಗೆ ಕರೆಂಟು, ನೀರು, ಒಳಚರಂಡಿ ಎಲ್ಲ ಸಿಗೋ ಕ್ಯಾಂಪ್‌ಗ್ರೌಂಡ್ ಫಿಷಿಂಗ್ ಬ್ರಿಡ್ಜ್ ಒಂದೇ. ಅದು ಕರಡಿಗಳ ಜಾಗವಾದ್ದರಿಂದ ಟೆಂಟ್ ಬಿಡಲ್ಲ, ಗಟ್ಟಿ ಗೋಡೆಯ ಗಾಡಿ ಮಾತ್ರ. ಪಾತ್ರೆ ತೊಳೆದ ನೀರನ್ನೂ ಹೊರಗೆ ಚೆಲ್ಲೋ ಹಾಗಿಲ್ಲ. ನಮ್ಮ ಅತ್ತೆಗೆ ಅಕ್ಕಿ ತೊಳೆದ ನೀರನ್ನ ಗಿಡಕ್ಕೆ ಹಾಕದೆ ಚರಂಡಿಗೆ ಬಿಡೋದು ಅಂದ್ರೆ ಪಾಪ ಮಾಡಿದ ಹಾಗೆ, ದಿನಾ ಒಂದು ಸಲ ನೆನಪಿಸಬೇಕಾಯ್ತು. ಇನ್ನೊಂದು: ಯೆಲ್ಲೋಸ್ಟೋನ್ ಕೆರೆ ಮಟ್ಟವೇ 7,700 ಅಡಿ ಎತ್ತರ. ಅಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯೋಕೆ ತುಂಬಾ ಹೊತ್ತು ಬೇಕು, ಕುಕ್ಕರ್ ಮರೀಬೇಡಿ. ಓಲ್ಡ್ ಫೇಯ್ತ್‌ಫುಲ್ ಗೀಸರ್ ಮುಂದೆ ಬೆಂಚಿನ ಮೇಲೆ ಕಾಯುವಾಗ ಮಗ ರೇಂಜರ್ ಹೇಳಿದ್ದನ್ನ ತಾತನಿಗೆ ಒಪ್ಪಿಸಿದ್ದೂ ಅದೇ ಕುಕ್ಕರಿನ ಲೆಕ್ಕದಲ್ಲಿ: "ಕೆಳಗೆ ಪೈಪ್ ಸಣ್ಣ ಇದೆ ತಾತ, ನೀರು ತುಂಬಾ ಬಿಸಿ ಆದ್ರೂ ಕುದಿಯೋಕೆ ಜಾಗ ಇಲ್ಲ, ಆಮೇಲೆ ವಿಷಲ್." ವ್ಯಾಕರಣ ಕೇಳಬೇಡಿ, ತಾತನಿಗೆ ಅರ್ಥವಾಯ್ತು. ಮಕ್ಕಳಿಗಂತ ಇರೋ ಜೂನಿಯರ್ ರೇಂಜರ್ ಪುಸ್ತಕ ಎಲ್ಲ ಪಾರ್ಕಲ್ಲೂ ತಗೊಳ್ಳಿ. ಕಾಡೆಮ್ಮೆಯಿಂದ 25 ಗಜ, ಕರಡಿ ತೋಳದಿಂದ 100 ಗಜ ದೂರ ಅನ್ನೋ ನಿಯಮವನ್ನ ಮಕ್ಕಳ ಬಾಯಿಂದ ಕೇಳಿದರೆ ದೊಡ್ಡವರೂ ಫೋಟೋ ಆಸೆ ಬಿಟ್ಟು ಹಿಂದೆ ಸರೀತಾರೆ.

ಡಂಪ್ ಸ್ಟೇಷನ್ (ಗಾಡಿಯ ಕೊಳಚೆ ನೀರು ಖಾಲಿ ಮಾಡೋ ಜಾಗ) ಬಗ್ಗೆ ಕೇಳೋಕೆ ನಾಚಿಕೊಂಡು ಮೆಸೇಜ್ ಕಳಿಸಿದವರಿಗೆ: ಕೈಗವಸು ಹಾಕಿ, ಮೊದಲು ಕಕ್ಕಸಿನ ಕಪ್ಪು ಟ್ಯಾಂಕ್, ಆಮೇಲೆ ಸ್ನಾನ, ಪಾತ್ರೆ ತೊಳೆದ ನೀರಿನ ಗ್ರೇ ಟ್ಯಾಂಕ್. ಸ್ನಾನದ ನೀರಿಗೇ ಪೈಪ್ ತೊಳೆದು ಹೋಗುತ್ತೆ. ಈ ಕೆಲಸವನ್ನ ಗಂಡಸರಿಗೇ ಮೀಸಲಿಡಬೇಡಿ. ನಮ್ಮಲ್ಲಿ ಮಗಳು ಪೈಪ್ ಜೋಡಿಸೋದು, ಮಗ ಗಾಡಿ ಮಟ್ಟವಾಗಿದೆಯಾ ನೋಡಿ ಚಕ್ರದ ಕೆಳಗೆ ಹಲಗೆ ಇಡೋದು. ಮನೇಲಿ ತಟ್ಟೆ ಎತ್ತಿಡು ಅಂದ್ರೆ ಮುಖ ಊದಿಸೋ ಮಕ್ಕಳು ಅಲ್ಲಿ ಹೇಳಿಸಿಕೊಳ್ಳದೆ ಮಾಡಿದರು. ಮನೆಗೆ ಬಂದ ಮೇಲೆ ಮತ್ತೆ ಮುಖ ಊದಿದೆ, ಅದು ಬೇರೆ ಮಾತು.

ಜಾಗಗಳನ್ನ ಕಡಿಮೆ ಮಾಡಿ, ರಾತ್ರಿಗಳನ್ನ ಹೆಚ್ಚು ಮಾಡಿ. ಒಬ್ಬರು ಹಾಕಿದ್ದ ಪಟ್ಟಿಯಲ್ಲಿ ದಿನಕ್ಕೊಂದು ಪಾರ್ಕ್ ಇತ್ತು, ಅದು ಟೆಂಪಲ್ ಟೂರ್ ಬಸ್ಸಿನವರ ಕೆಲಸ. ಸಮಯ ಉಳಿದರೆ ವಾಪಸ್ ಬರುವಾಗ ಮೊಂಟಾನಾದ ಲಿಟ್ಲ್ ಬಿಗ್‌ಹಾರ್ನ್ ನೋಡಿ. 1876ರ ಯುದ್ಧದಲ್ಲಿ ಸೋತ ಅಮೆರಿಕ ಸೇನಾಧಿಕಾರಿ ಕಸ್ಟರ್ ಹೆಸರಲ್ಲಿದ್ದ ಆ ಜಾಗಕ್ಕೆ 1991ರಲ್ಲಿ ಹೆಸರು ಬದಲಾಯಿಸಿದರು, ಗೆದ್ದ ಮೂಲನಿವಾಸಿಗಳ ಸ್ಮಾರಕವೂ ಈಗ ಅಲ್ಲಿದೆ.

ನಿಮ್ಮ ತಾರೀಖು ಆಗಸ್ಟ್ ಮೊದಲ ವಾರ ಅಂದಿದ್ರಿ. ಬದಲಾಯಿಸಿ. ಆಗ ಸ್ಟರ್ಗಿಸ್‌ನಲ್ಲಿ ಮೋಟಾರ್ ಸೈಕಲ್ ಜಾತ್ರೆ, ಬ್ಲ್ಯಾಕ್ ಹಿಲ್ಸ್‌ನಲ್ಲಿ ಕ್ಯಾಂಪ್‌ಗ್ರೌಂಡ್ ಸಿಗೋದು ಕಷ್ಟ, ಸಿಕ್ಕರೂ ರಾತ್ರಿಯಿಡೀ ಗುಡುಗು. ಜೂನ್ ಮಧ್ಯದಲ್ಲಿ ಹೊರಡಿ, ಸ್ವೆಟರ್ ತಗೊಳ್ಳಿ. ಫಿಷಿಂಗ್ ಬ್ರಿಡ್ಜ್ ಭರ್ತಿಯಾಗಿದ್ದರೆ ವೆಸ್ಟ್ ಯೆಲ್ಲೋಸ್ಟೋನ್ ಇಲ್ಲವೇ ಕೋಡಿಯಲ್ಲಿ ಖಾಸಗಿ ಕ್ಯಾಂಪ್‌ಗ್ರೌಂಡ್‌ಗಳಿವೆ. ಅಪ್ಪ ಅಮ್ಮನ ವಿಸಿಟರ್ ಇನ್ಶೂರೆನ್ಸ್ ಕಾಗದ ಮಾತ್ರ ಗಾಡಿಯಲ್ಲೇ ಇಡಿ, ಫೋನಲ್ಲಿ ಇದ್ದರೆ ಸಿಗ್ನಲ್ ಇಲ್ಲದ ಕಡೆ ತೆಗೆಯೋಕಾಗಲ್ಲ.