ಪ್ರಶ್ನೋತ್ತರ: ಸ್ಟೇಡಿಯಂ ಖರ್ಚು ಯಾರ ಜೇಬಿನಿಂದ?

(ಪುಣೆ ಕನ್ನಡಿಗರ ಗುಂಪು. ಕೇಳುವವರ ಹೆಸರಿನ ಬದಲು ಅವರ ಬಡಾವಣೆ ಅಥವಾ ಊರಿನ ಹೆಸರಿದೆ. ಉತ್ತರಿಸುವವರು ಪಾಲಿಕೆಗಳ ಲೆಕ್ಕ ನೋಡಿದ ಸಿಎ.)

ವಾಕಡ್: ಸರ್, ನಮ್ಮ ಪುಣೆ ಹತ್ತಿರದ ಗಹುಂಜೆ ಕ್ರಿಕೆಟ್ ಸ್ಟೇಡಿಯಂ ಸರ್ಕಾರದ್ದಾ?

ಸಿಎ: ಅಲ್ಲ. ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆ ಬ್ಯಾಂಕ್ ಸಾಲ ಮಾಡಿ ಕಟ್ಟಿಸಿತು.

ಹೊಸ ಸದಸ್ಯೆ: ಊರಿನ ಹೆಸರು ಬೇಡ. ನಮ್ಮ ಮಕ್ಕಳು ಆಡುವ ಪಾಲಿಕೆ ಮೈದಾನವನ್ನು ಒಂದು ಫುಟ್‌ಬಾಲ್ ತಂಡಕ್ಕೆ 30 ವರ್ಷ ಲೀಸ್ ಕೊಡುತ್ತಾರಂತೆ. "ಸ್ಟೇಡಿಯಂ ಅವರೇ ಕಟ್ಟುತ್ತಾರೆ, ನಿಮಗೆ ಒಂದು ರೂಪಾಯಿ ಖರ್ಚಿಲ್ಲ" ಎನ್ನುತ್ತಾರೆ. ನಮ್ಮ ವಸತಿ ಸೊಸೈಟಿಯ ಒಪ್ಪಿಗೆ ಪತ್ರ ಕೇಳಿದ್ದಾರೆ. ಸಹಿ ಹಾಕಬಹುದಾ?

ಸಿಎ: ಈಗಲೇ ಬೇಡ. ಮೊದಲು ನೆಲದ ಬಾಡಿಗೆ ಎಷ್ಟು ಅಂತ ಕೇಳಿ. ಪುಕ್ಕಟೆ ಕೊಟ್ಟರೆ ಅದೇ ನಿಮ್ಮ ಖರ್ಚು. ವಾಂಖೆಡೆಯನ್ನು ಮುಂಬೈ ಕ್ರಿಕೆಟ್ ಸಂಸ್ಥೆಯೇ ಕಟ್ಟಿಸಿತು, 1975ರಲ್ಲಿ ಮೊದಲ ಟೆಸ್ಟ್ ನಡೆಯಿತು. ಆದರೂ ನೆಲ ಸರ್ಕಾರದ ಲೀಸ್.

ಆಮೇಲೆ, ದುಡ್ಡು ನಿಂತರೆ ಹೊಣೆ ಯಾರದು? ಗಹುಂಜೆಗೆ ದುಡ್ಡು ಕೊಡುತ್ತೇವೆಂದ ಸಹಾರಾ ಕಂಪನಿಯ ಹೆಸರು ಇಟ್ಟಿದ್ದರಲ್ಲ, ಹೇಳಿದ ಹಣ ಪೂರ್ತಿ ಬರಲಿಲ್ಲ. ಹೆಸರು ಹೋಯಿತು, ಸಾಲ ಉಳಿಯಿತು. 2018ರಲ್ಲಿ ಬ್ಯಾಂಕು ಸ್ಟೇಡಿಯಂ ಅನ್ನು ಸಾಂಕೇತಿಕವಾಗಿ ಸ್ವಾಧೀನಕ್ಕೆ ತೆಗೆದುಕೊಂಡಿತು.

ನನಗೆ ಜಾಸ್ತಿ ಭಯ ಕಟ್ಟಿದ ಮೇಲಿನ ಖರ್ಚಿನದು. ನಾನು ಲೆಕ್ಕ ನೋಡಿದ ಒಂದು ಕಡೆ, ಮ್ಯಾಚೇ ಇಲ್ಲದ ಮೇ ತಿಂಗಳಲ್ಲೂ ಪಂಪ್ ಓಡುತ್ತಿತ್ತು. ಹುಲ್ಲು ಒಣಗಬಾರದು ಅಲ್ವಾ? ಒಪ್ಪಂದದಲ್ಲಿ ಇದ್ದದ್ದು "ನಿರ್ವಹಣೆ: ಉಭಯ ಪಕ್ಷಗಳು" ಅಷ್ಟೇ. ಕರೆಂಟ್ ಬಿಲ್ಲಿನ ಹಿಂದೆ ಯಾರೋ ಪೆನ್ಸಿಲಿನಲ್ಲಿ "ಯಾವ ಹೆಡ್‌ಗೆ?" ಎಂದು, ಅಂದರೆ ಯಾವ ಖಾತೆಯ ಖರ್ಚು ಎಂದು, ಗೀಚಿದ್ದರು. ಕೊನೆಗೆ ಪಾಲಿಕೆಯೇ ಕಟ್ಟಿತು.

ಟಿಕೆಟ್, ಜಾಹೀರಾತಿನ ದುಡ್ಡು ತಂಡಕ್ಕೆ ಹೋಗುವುದಾದರೆ ಕಟ್ಟಡವೂ ಕರೆಂಟೂ ತಂಡದ್ದೇ. ರಸ್ತೆ, ಚರಂಡಿ ಪಾಲಿಕೆ ಮಾಡಲಿ, ಅದು ಎಲ್ಲರಿಗೂ ಬೇಕು. ಮಕ್ಕಳಿಗೆ ವಾರಕ್ಕೆ ಎಷ್ಟು ಗಂಟೆ ಅನ್ನೋದು ಅಂಕಿಯಲ್ಲೇ ಇರಬೇಕು.

ಹಡಪ್ಸರ್: ಫಾರ್ವರ್ಡ್ ಬಂದಿದೆ: "ಸ್ಟೇಡಿಯಂ ಕಟ್ಟಿದ ಊರು ಐದೇ ವರ್ಷದಲ್ಲಿ ಶ್ರೀಮಂತ! 10 ಜನರಿಗೆ ಕಳಿಸಿ."

ಸಿಎ: ಇವತ್ತು ಇದು ಮೂರನೇ ಸಲ. ದಯವಿಟ್ಟು ಸಾಕು. ಮಾಂಟ್ರಿಯಲ್‌ನವರು 1976ರ ಒಲಿಂಪಿಕ್ಸ್‌ಗೆ ಕಟ್ಟಿದ ಸ್ಟೇಡಿಯಂ ಸಾಲ ತೀರಿದ್ದು 2006ರಲ್ಲಿ, ಅದೂ ತಂಬಾಕಿನ ತೆರಿಗೆ ಸೇರಿಸಿ. ಮ್ಯಾಚ್‌ಗೆ ಹೋಗುವ ಊರಿನವರು ಆ ದುಡ್ಡನ್ನು ಇಲ್ಲದಿದ್ದರೆ ಊರಿನ ಹೋಟೆಲಿಗೋ ಸಿನಿಮಾಕ್ಕೋ ಹಾಕುತ್ತಿದ್ದರು. ಹೊಸ ದುಡ್ಡು ಎಲ್ಲಿಂದ ಬಂತು?

ಪಿಂಪ್ರಿ: ಹಾಗಾದರೆ ಪುಣೆಯ ಬಾಲೇವಾಡಿ ಕ್ರೀಡಾ ಸಂಕೀರ್ಣ? 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸರ್ಕಾರವೇ ಕಟ್ಟಿತು. ನನ್ನ ಮಗಳು ಈಜು ಕಲಿತದ್ದು ಅಲ್ಲೇ.

ಡೆಕ್ಕನ್: ಅದು ಎಲ್ಲರಿಗೂ. ಕೋಟಿ ಕೊಟ್ಟು ಆಟಗಾರರನ್ನು ಕೊಳ್ಳುವ ತಂಡಕ್ಕೆ ನನ್ನ ಮನೆ ತೆರಿಗೆ ಯಾಕೆ?

ಪಿಂಪ್ರಿ: ನಿಮಗೆ ಆಟದ ಮೇಲೆ ಪ್ರೀತಿ ಇಲ್ಲ.

ಡೆಕ್ಕನ್: ಸುಮ್ನೆ ನನ್ನ ಪ್ರೀತಿ ಅಳೆಯಬೇಡಿ. ನಮ್ಮ ನಲ್ಲಿಗೆ ದಿನ ಬಿಟ್ಟು ದಿನ ನೀರು.

ಮಡಗಾಂವ್: ಸರ್, ನಮ್ಮ ಫಾತೋರ್ಡಾ ಸ್ಟೇಡಿಯಂ ಬಗ್ಗೆ?

ಪಿಂಪ್ರಿ: ನೀರಿಗೂ ಸ್ಟೇಡಿಯಂಗೂ ಏನ್ರೀ ಸಂಬಂಧ?

ಡೆಕ್ಕನ್: ಬಜೆಟ್ ಒಂದೇ ಅಲ್ಲವೇನ್ರೀ!

ವಾಕಡ್: ಸರ್, ಗಹುಂಜೆ ಯಾರದ್ದು?

ಸಿಎ: ಮೇಲೆ ಬರೆದಿದ್ದೇನೆ. ಓದಿ.

ಹೊಸ ಸದಸ್ಯೆ: ಕರಡು ಸಿಕ್ಕಿತು ಸರ್. ಮರಾಠಿಯಲ್ಲಿದೆ, 14 ಪುಟ. ನಿರ್ವಹಣೆ ಬಗ್ಗೆ ಒಂದೇ ಸಾಲು. ಹಾಕಲಾ?

ಸಿಎ: ಹಾಕಿ. ಅನುಬಂಧದ ಪುಟಗಳೂ ಬೇಕು. ನಾನು ಓದಿ ಹೇಳುವವರೆಗೆ ಸಹಿ ಬೇಡ.