ಕೋಷರ್ ಬಿಸಿಬೇಳೆಬಾತ್ ಪುಡಿ ಎಲ್ಲಾದರೂ ಸಿಗುತ್ತದಾ?

ಟೀನೆಕ್_ಅಡುಗೆಮನೆ:
ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯ ಟೀನೆಕ್‌ನಲ್ಲಿ, ಅಕ್ಕಪಕ್ಕ ಜಾಸ್ತಿ ಯಹೂದಿ ಮನೆಗಳೇ. ಪಕ್ಕದ ಮನೆಯಾಕೆ ನಮ್ಮ ಒಗ್ಗರಣೆ ಘಮಕ್ಕೆ ಸೋತು, ತಾನೂ ಒಂದು ದಿನ ಬಿಸಿಬೇಳೆಬಾತ್ ಮಾಡಲೇಬೇಕು ಅಂತ ಕೂತಿದ್ದಾರೆ. ಆದರೆ ಅವರು ಕಟ್ಟುನಿಟ್ಟಾದ ಕೋಷರ್, ಅಂದರೆ ಯಹೂದಿ ಧರ್ಮದ ಆಹಾರ ನಿಯಮದಂತೆ ಇರುವುದನ್ನು ಮಾತ್ರ ತಿನ್ನುವವರು. ನಮ್ಮನೆಯಲ್ಲಿ ಮಾಡಿದ್ದು ತಿನ್ನುವುದಿಲ್ಲ, ಅದಕ್ಕೆ ನನಗೇನೂ ಬೇಸರವಿಲ್ಲ. ಪುಡಿಯನ್ನಾದರೂ ಕೊಡೋಣ ಅಂತ ಇಂಡಿಯನ್ ಅಂಗಡಿಯಲ್ಲಿ ಪೊಟ್ಟಣಗಳನ್ನೆಲ್ಲ ತಿರುಗಿಸಿ ನೋಡಿದೆ, ನಾನು ನೋಡಿದ ಯಾವುದರಲ್ಲೂ ಕೋಷರ್ ಗುರುತು ಇರಲಿಲ್ಲ. ಅಮ್ಮ ಮೈಸೂರಿನಿಂದ ಕಳಿಸಿದ ಪುಡಿ ಡಬ್ಬಿ ತುಂಬಾ ಇದೆ. ಅದನ್ನೇ ಕೊಡಬಹುದಾ?

ಹುಬ್ಬಳ್ಳಿಯವ:
ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆ ಅಲ್ವಾ? ಮಾಂಸ ಇಲ್ಲ, ಮೊಟ್ಟೆ ಇಲ್ಲ. ಮತ್ತೇನು ತೊಂದರೆ? ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಕೊಡಿ.

ಬೇಳೆಕಾಳು:
ಕೊಡಬೇಡಿ! ಹಸಿರು ಚುಕ್ಕೆಗೂ ಕೋಷರ್‌ಗೂ ಸಂಬಂಧವೇ ಇಲ್ಲ. ಹಾಲು ತುಪ್ಪ ಇದ್ದರೂ ಹಸಿರು ಚುಕ್ಕೆ ಬರುತ್ತದೆ, ಅವರಲ್ಲಿ ಹಾಲಿನದು ಮಾಂಸದ ಜೊತೆ ಸೇರುವಂತಿಲ್ಲ, ಹಾಗಾಗಿ ತುಪ್ಪದಲ್ಲಿ ಹುರಿದ ಪುಡಿ ಅಂದರೆ ಅದು ಹಾಲಿನ ಲೆಕ್ಕಕ್ಕೆ ಹೋಗುತ್ತದೆ. ಎರಡೂ ಅಲ್ಲದ್ದನ್ನು ಪಾರೆವ್ ಅಂತಾರೆ, ಮಸಾಲೆ ಪುಡಿ ಹಾಗಿದ್ದರೆ ಅನುಕೂಲ. ಇನ್ನು ಪುಡಿ ಗಂಟುಕಟ್ಟದಿರಲಿ ಅಂತ ಕೆಲವು ಕಡೆ ಸ್ಟಿಯರೇಟ್ ಹಾಕುತ್ತಾರೆ, ಅದು ಗಿಡದ ಎಣ್ಣೆಯಿಂದಲೂ ಬರಬಹುದು, ಪ್ರಾಣಿ ಕೊಬ್ಬಿನಿಂದಲೂ ಬರಬಹುದು. ಅದೇ ಮಿಷನ್ನಿನಲ್ಲಿ ಮೊದಲು ಏನು ಬೀಸಿದ್ದರು ಅನ್ನುವುದೂ ಮುಖ್ಯ. ಅದಕ್ಕೇ ಬೆರೆಸಿದ ಪುಡಿಗಳಿಗೆ ಗುರುತು ಕೇಳುವುದು: ವೃತ್ತದೊಳಗೆ ಯು, ಅಥವಾ ವೃತ್ತದೊಳಗೆ ಕೆ, ಅಥವಾ ನಕ್ಷತ್ರದೊಳಗೆ ಕೆ. ಲಂಡನ್ ಕಡೆ ಕೆಎಲ್‌ಬಿಡಿ. ಪಕ್ಕದಲ್ಲಿ ಡಿ ಅಂತ ಇದ್ದರೆ ಹಾಲಿನದು.

ಅಮ್ಮನ ಪುಡಿ ಎಷ್ಟೇ ಚೆನ್ನಾಗಿರಲಿ, ಹುರಿದದ್ದು ನಮ್ಮ ಬಾಣಲೆಯಲ್ಲಿ, ಬೀಸಿದ್ದು ಊರಿನ ಮಿಲ್‌ನಲ್ಲಿ. ಅವರ ಕಣ್ಣಿಗೆ ಅದು ಆಗುವುದಿಲ್ಲ. ಆದರೆ ಏನೂ ಬೆರೆಸದ ಇಡೀ ಸಾಮಾನಿಗೆ, ಅಂದರೆ ಕೊತ್ತಂಬರಿ ಬೀಜ, ಮೆಂತ್ಯ, ಚಕ್ಕೆ, ಲವಂಗ, ಒಣಮೆಣಸಿನಕಾಯಿಗೆ ಸಾಮಾನ್ಯವಾಗಿ ಗುರುತು ಬೇಡ. ಅದಕ್ಕೇ ನನ್ನ ಸಲಹೆ, ಪುಡಿ ಹುಡುಕುವುದನ್ನು ಬಿಡಿ. ಸಾಮಾನು ತಗೊಂಡು ಅವರ ಮನೆಗೇ ಹೋಗಿ. ಅವರ ಪಾರೆವ್ ಬಾಣಲೆ, ಅವರ ಗ್ರೈಂಡರ್. ಒಲೆ ಮಾತ್ರ ಅವರೇ ಹಚ್ಚಲಿ, ಯಹೂದಿಯಲ್ಲದವರು ಮಾಡಿದ ಅಡುಗೆಯ ನಿಯಮದಲ್ಲಿ ಯೂರೋಪ್ ಮೂಲದ ಅಶ್ಕೆನಾಜಿಗಳಿಗೆ ಅಷ್ಟು ಸಾಕು, ಸ್ಪೇನ್ ಮೂಲದ ಸೆಫಾರ್ಡಿಗಳಾದರೆ ಪಾತ್ರೆ ಒಲೆಗಿಡುವುದನ್ನೂ ಅವರಿಗೇ ಬಿಡಿ. ಬ್ಯಾಡಗಿ ಮೆಣಸಿನಕಾಯಿ ಕೈಯಲ್ಲಿ ಮುರಿದರೆ ಪಟಪಟ ಅನ್ನುವಷ್ಟು ಹುರಿದರೆ ಸಾಕು, ಕಪ್ಪಾದರೆ ಬಣ್ಣ ಹೋಯಿತು.

ಎರಡು ಕಡೆ ಹುಷಾರು. ಒಂದು, ಇಂಗು. ಡಬ್ಬಿಯಲ್ಲಿ ಬರುವುದು ಬರೀ ಇಂಗಲ್ಲ, ಗೋಧಿ ಹಿಟ್ಟೋ ಅಕ್ಕಿ ಹಿಟ್ಟೋ ಗೋಂದೋ ಸೇರಿಸಿದ್ದು, ಗುರುತಿದ್ದರೆ ಮಾತ್ರ ತಗೊಳ್ಳಿ, ಇಲ್ಲದಿದ್ದರೆ ಬಿಟ್ಟುಬಿಡಿ. (ಇಂಗು ಅವರಿಗೆ ಹೊಸದೇನಲ್ಲ, ಅವರ ಹಳೆಯ ಧರ್ಮಗ್ರಂಥ ತಾಲ್ಮುಡ್‌ನಲ್ಲೇ ಅದರ ಮಾತು ಬರುತ್ತದೆ.) ಇನ್ನೊಂದು, ಕರಿಬೇವು. ಎಲೆಯಲ್ಲಿ ಹುಳ ಇದ್ದರೆ ಅವರಿಗೆ ನಿಷಿದ್ಧ. ಒಂದೊಂದೇ ಎಲೆಯನ್ನು ತೊಳೆದು ಬೆಳಕಿಗೆ ಹಿಡಿದು ನೋಡುತ್ತಾರೆ, ನೀವು ತಾಳ್ಮೆಯಿಂದಿರಿ.

ಹುಬ್ಬಳ್ಳಿಯವ:
ಓ, ಇಷ್ಟೆಲ್ಲ ಇದೆಯಾ. ಆದರೂ ಒಂದು ಮಾತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯಿಂದ ಬಣ್ಣದ ಸಾರ, ಅಂದರೆ ಓಲಿಯೋರೆಸಿನ್ ತೆಗೆದು ಹೊರದೇಶಕ್ಕೆ ಕಳಿಸುವ ಹಲವು ಕಾರ್ಖಾನೆಗಳು ಕೋಷರ್ ಸರ್ಟಿಫಿಕೇಟ್ ಇಟ್ಟುಕೊಂಡಿರುತ್ತವೆ. ಆ ಬಣ್ಣಕ್ಕೆ ಸಿಗುವ ಗುರುತು ನಮ್ಮ ಪುಡಿ ಪೊಟ್ಟಣಕ್ಕೆ ಯಾಕಿಲ್ಲ?

ಬೇಳೆಕಾಳು:
ಕೊಳ್ಳುವವರು ಕೇಳಿದರೆ ತಾನೇ ಮಾಡಿಸುವುದು. ಬಿಸಿಬೇಳೆಬಾತ್ ಪುಡಿ ಕೊಳ್ಳುವವರು ನಾವೇ, ನಾವು ಕೇಳುವುದಿಲ್ಲ.

ರೆಹೋವೊತ್_ಕನ್ನಡಿಗ:
ನಾನು ಇಸ್ರೇಲಿನಲ್ಲಿರುವುದು. ಇಲ್ಲಿ ಹತ್ತಿರದ ರಾಮ್ಲೆಯಲ್ಲಿ ಕೊಂಕಣದಿಂದ ಬಂದ ಬೆನೆ ಇಸ್ರೇಲ್ ಯಹೂದಿಗಳು ತುಂಬಾ ಇದ್ದಾರೆ, ಹಾಗಾಗಿ ಅರಿಶಿನ, ಜೀರಿಗೆ, ಗರಂ ಮಸಾಲೆಗೆ ಪರದಾಟವಿಲ್ಲ. ಅಮೆರಿಕದಲ್ಲಿರುವವರು ಪೆರೆಗ್ ಅನ್ನುವ ಕಂಪನಿಯದನ್ನು ನೋಡಿ, ಕೋಷರ್ ಗುರುತಿನ ಮಸಾಲೆಗಳು ಸಿಗುತ್ತವೆ. ಆದರೆ ಮರಾಠಿ ಮೊಗ್ಗು ಹಾಕಿದ ನಮ್ಮ ಪುಡಿ ಅಲ್ಲಿ ಸಿಗುತ್ತದೆ ಅಂತ ಆಸೆ ಬೇಡ. ಅವಸರಕ್ಕೆ ಸಾರಿಗೆ ಏನಾದರೂ ಬೇಕಿದ್ದರೆ ಯೆಮೆನ್ ಯಹೂದಿಗಳ ಹವಾಯಿಜ್ ಪುಡಿ ಒಗ್ಗುತ್ತದೆ. ಕಾಳುಮೆಣಸು, ಜೀರಿಗೆ, ಅರಿಶಿನ, ಏಲಕ್ಕಿ. ಕಾಫಿಗೆ ಹಾಕುವ ಹವಾಯಿಜ್ ಬೇರೆ, ಅದರಲ್ಲಿ ಶುಂಠಿ ಚಕ್ಕೆ ಇರುತ್ತದೆ, ಡಬ್ಬಿ ನೋಡಿ ತಗೊಳ್ಳಿ!

ಇಸ್ರೇಲಿನಲ್ಲೇ ಬೆಳೆದ ಮಸಾಲೆಗೆ ಮಾತ್ರ ಇಡಿಯಾಗಿದ್ದರೂ ಗುರುತು ಬೇಕು, ಇಲ್ಲಿನ ಬೆಳೆಗೆ ಹತ್ತರಲ್ಲೊಂದು ಪಾಲು ತೆಗೆದಿಡುವುದು, ಏಳನೇ ವರ್ಷ ಹೊಲ ಬೀಳು ಬಿಡುವುದು ಅಂತೆಲ್ಲ ಬೇರೆ ನಿಯಮಗಳಿವೆ. ಇನ್ನೊಂದು, ಪಾಸೋವರ್ ಹಬ್ಬ ಹತ್ತಿರವಿದ್ದರೆ ಮುಂದಕ್ಕೆ ಹಾಕಿ. ಆಗ ಅಶ್ಕೆನಾಜಿಗಳು ಅಕ್ಕಿ, ಬೇಳೆ, ಸಾಸಿವೆ ಯಾವುದನ್ನೂ ತಿನ್ನುವುದಿಲ್ಲ. ಬಿಸಿಬೇಳೆಬಾತ್‌ನಲ್ಲಿ ಉಳಿಯುವುದು ತರಕಾರಿ ಅಷ್ಟೇ.

ಟೀನೆಕ್_ಅಡುಗೆಮನೆ:
ತುಂಬಾ ಥ್ಯಾಂಕ್ಸ್. ಅವರನ್ನು ಕೇಳಿದೆ, ಅವರ ಮನೆಯಲ್ಲೇ ಹುರಿಯೋಣ ಅಂದರು, ಗ್ರೈಂಡರ್ ಕೂಡ ಇದೆಯಂತೆ. ಕಡಲೆಬೇಳೆ, ಉದ್ದಿನಬೇಳೆ, ಗಸಗಸೆ, ಒಣಕೊಬ್ಬರಿ ಎಲ್ಲ ಪಟ್ಟಿ ಕೊಟ್ಟಿದ್ದೇನೆ. ಮರಾಠಿ ಮೊಗ್ಗು ಮಾತ್ರ ಇಲ್ಲಿ ಸಿಗುತ್ತಿಲ್ಲ. ಇಂಡಿಯನ್ ಅಂಗಡಿಗಳು ಜಾಸ್ತಿ ಇರುವ ಎಡಿಸನ್‌ಗೆ ಹೋಗಬೇಕಾ?

ಬೇಳೆಕಾಳು:
ಹೌದು, ಓಕ್ ಟ್ರೀ ರೋಡ್‌ನಲ್ಲಿ ನೋಡಿ. ಅಂಗಡಿಯವರು ಡಬ್ಬದಿಂದ ತೆಗೆದು ಕಟ್ಟಿಕೊಡುವ ಬಿಡಿ ಸಾಮಾನು ಬೇಡ, ಸೀಲ್ ಇರುವ ಪೊಟ್ಟಣವನ್ನೇ ತಗೊಳ್ಳಿ. ಒಡೆಯದೆ ಹಾಗೇ ಅವರ ಕೈಗೆ ಕೊಡಿ, ಹಿಂದುಗಡೆ ಬರೆದಿರುವುದನ್ನು ಅವರೇ ಓದಿಕೊಳ್ಳುತ್ತಾರೆ.