ಹೊಸ ಕನ್ನಡಕದಲ್ಲಿ ನೆಲ ಓರೆಯಾಗಿ ಕಾಣುವುದೇಕೆ?

ನವನಗರದ ಮಾಸ್ತರ, ಬಾಗಲಕೋಟೆ:
ಸಿಲಿಂಡರ್ ನಂಬರಿನ (ಒಂದು ದಿಕ್ಕಿನ ಗೆರೆಗಳು ಹೆಚ್ಚು ಮಸುಕಾಗಿ ಕಾಣುವ ದೋಷವನ್ನು ತಿದ್ದುವ) ಕನ್ನಡಕ ಬಂದು ಐದು ದಿನವಾಯಿತು. ಕರಿಹಲಗೆಯ ಅಕ್ಷರಗಳು ಮೊದಲಿಗಿಂತ ಸ್ವಚ್ಛವಾಗಿವೆ; ಆದರೆ ಸಮತಟ್ಟಾದ ನೆಲ ಎಡಕ್ಕೆ ಇಳಿದಂತೆ ಕಾಣುತ್ತದೆ. ಮೇಜಿನ ಮೇಲಿನ ಚಹಾದ ಕಪ್ಪು ಜಾರಿತೆಂದು ಎರಡು ಸಲ ಕೈ ಚಾಚಿದ್ದೇನೆ. ಮುಂದಿನ ವಾರ ಮಕ್ಕಳೊಂದಿಗೆ ಗೋಳಗುಮ್ಮಟದ ಮೆಟ್ಟಿಲು ಹತ್ತಬೇಕಾಗಿದೆ. ಎಲ್ಲರೂ ‘ರೂಢಿಯಾಗುತ್ತದೆ’ ಎನ್ನುತ್ತಾರೆ. ರೂಢಿಯಾಗುವಾಗ ಬದಲಾಗುವುದು ಕಣ್ಣೋ, ಮೆದುಳೋ, ಅಥವಾ ನಾನೇ ಗಮನಿಸುವುದನ್ನು ಬಿಟ್ಟುಬಿಡುತ್ತೇನೆಯೋ?

ಕನ್ನಡಕದ ಕೆಲಸದವ, ಬೆಳಗಾವಿ:
ಗುರುಗಳೇ, ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂಟಿಮೀಟರ್ ಅಂತರವಿರುವುದರಿಂದ ಎರಡಕ್ಕೂ ಬೀಳುವ ಚಿತ್ರಗಳು ತುಸು ಬೇರೆಯಾಗಿರುತ್ತವೆ. ಆ ವ್ಯತ್ಯಾಸದಿಂದ ಮೆದುಳು ದೂರವನ್ನು ಅಳೆಯುತ್ತದೆ. ಸಿಲಿಂಡರ್ ಗಾಜು ಚಿತ್ರವನ್ನು ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಹಿಗ್ಗಿಸುತ್ತದೆ. ಈ ಹಿಗ್ಗುವಿಕೆ ಎರಡು ಕಣ್ಣುಗಳಿಗೆ ಬೇರೆಬೇರೆಯಾದಾಗ, ಗಾಜು ತಂದ ವ್ಯತ್ಯಾಸವನ್ನೂ ಮೆದುಳು ಇಳಿಜಾರೆಂದೇ ಓದಿಕೊಳ್ಳುತ್ತದೆ. ಒಂದು ಕಣ್ಣು ಮುಚ್ಚಿ ನೋಡಿರಿ. ಓರೆ ಬಹುಮಟ್ಟಿಗೆ ಹೋದರೆ ಕಾರಣ ಇದೇ. ಫರಸಿಯ ಅಂಚು, ನೆರಳು, ನಡೆಯುವಾಗ ವಸ್ತುಗಳು ಸರಿಯುವ ರೀತಿ, ಪಾದಕ್ಕೆ ಸಿಗುವ ನೆಲ, ಇವುಗಳೊಂದಿಗೆ ತಾಳೆ ನೋಡುತ್ತ ಮೆದುಳು ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಆದ್ದರಿಂದ ಗಳಿಗೆಗೊಮ್ಮೆ ತೆಗೆದಿಡಬೇಡಿರಿ. ಎರಡು ವಾರವಾದರೂ ಹಾಗೆಯೇ ಇದ್ದರೆ ಆಕ್ಸಿಸ್ (ಸಿಲಿಂಡರ್ ಗಾಜನ್ನು ಕೂರಿಸಿದ ಕೋನ) ಮತ್ತು ಫ್ರೇಮಿನ ಕೂರಿಕೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಮನಃಶಾಸ್ತ್ರದ ವಿದ್ಯಾರ್ಥಿನಿ, ವಿಜಯಪುರ:
ಸರ್, ನಿಮ್ಮ ಕೊನೆಯ ಪ್ರಶ್ನೆಗೆ ಹಳೆಯ ಪ್ರಯೋಗಗಳಲ್ಲಿ ಉತ್ತರವಿದೆ. ದೃಶ್ಯವನ್ನು ಪಕ್ಕಕ್ಕೆ ಸರಿಸುವ ಪ್ರಿಸಂ ಧರಿಸಿದವರು ಮೊದಲು ವಸ್ತುವಿನ ಪಕ್ಕಕ್ಕೆ ಕೈ ಚಾಚುತ್ತಾರೆ, ಹತ್ತಾರು ಪ್ರಯತ್ನಗಳಲ್ಲಿ ಸರಿಪಡಿಸಿಕೊಳ್ಳುತ್ತಾರೆ, ಪ್ರಿಸಂ ತೆಗೆದ ಕೂಡಲೇ ವಿರುದ್ಧ ದಿಕ್ಕಿಗೆ ತಪ್ಪುತ್ತಾರೆ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1867ರಲ್ಲಿಯೇ ಇದನ್ನು ವಿವರಿಸಿದ್ದನು. ಬರೀ ಗಮನ ತಪ್ಪಿದ್ದಾಗಿದ್ದರೆ ಈ ಉಲ್ಟಾ ತಪ್ಪಿಗೆ ಕಾರಣವೇ ಇರುತ್ತಿರಲಿಲ್ಲ. ಜಗತ್ತನ್ನು ತಲೆಕೆಳಗಾಗಿಸುವ ಮಸೂರ ಧರಿಸಿ ಎಂಟು ದಿನ ಕಳೆದ ಅಮೆರಿಕದ ಮನಃಶಾಸ್ತ್ರಜ್ಞ ಸ್ಟ್ರಾಟನ್‌ನ 1897ರ ವರದಿಯನ್ನು ಇಲ್ಲಿ ಬಹಳ ಜನ ಮುಂದೆ ಮಾಡುತ್ತಾರೆ. ಆದರೆ ಅವನ ಒಂದು ಕಣ್ಣು ಮುಚ್ಚಿತ್ತು, ಹಾಗಾಗಿ ಎರಡು ಕಣ್ಣುಗಳ ಲೆಕ್ಕ ಅಲ್ಲಿ ಬರುವುದೇ ಇಲ್ಲ.

ನವನಗರದ ಮಾಸ್ತರ, ಬಾಗಲಕೋಟೆ:
ಇಂದಿಗೆ ಹನ್ನೆರಡನೆಯ ದಿನ. ಒಂದು ಕಣ್ಣು ಮುಚ್ಚಿದಾಗ ಓರೆ ನಿಜವಾಗಿಯೂ ಹೋಗಿತ್ತು. ಗುಮ್ಮಟದ ಮೆಟ್ಟಿಲುಗಳನ್ನು ಗೋಡೆಗೆ ಕೈಯೂರಿ ಹತ್ತಿದೆ, ಇಳಿಯುವಾಗ ಕೈ ಬೇಕಾಗಲಿಲ್ಲ. ನಿನ್ನೆ ಸ್ನಾನಕ್ಕೆಂದು ಕನ್ನಡಕ ತೆಗೆದಾಗ ಬಚ್ಚಲಿನ ನೆಲ ಕ್ಷಣಹೊತ್ತು ಬಲಕ್ಕೆ ಇಳಿದಿತ್ತು.